ಬಿಳಿಚಿದ ಒಸಡು

ಅನಸೂಯಾ ಸತ್ತ ಹಸುವಿನ ಕೆಳದುಟಿಯನ್ನು ಹೆಬ್ಬೆರಳಿನಿಂದ ಮಗುಚಿ ಟಾರ್ಚಿನ ಬೆಳಕು ಬಿಟ್ಟಳು. ಒಸಡು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

“ಆಯ್ತಾ ಮೇಡಂ?” ಬೆನ್ನ ಹಿಂದಿನಿಂದ ಪ್ರೊಫೆಸರ್ ಮುಕುಂದನ ದನಿ ಬಂತು. ಶೀತಲ ಕೋಣೆಯ ಬಾಗಿಲಲ್ಲೇ ನಿಂತಿದ್ದ ಅವನು ಮಾಸ್ಕಿನ ಮೇಲೆ ಕರ್ಚೀಫನ್ನೂ ಒತ್ತಿಕೊಂಡಿದ್ದ. “ಹಸು ಸತ್ತಿದೆ. ಇನ್ಶೂರೆನ್ಸ್ ಕಂಪನಿಯವ್ರಿಗೆ ಅಷ್ಟು ಗೊತ್ತಾದ್ರೆ ಸಾಕಲ್ವಾ? ಬಾಯೊಳಗೆ ಕೈ ಹಾಕ್ಕೊಂಡು ಕೂತ್ಕೋಬೇಕಾ?”

“ನಿಮ್ಮನ್ನ ಕೈ ಹಾಕಿ ಅಂತ ನಾನು ಕೇಳಿಲ್ವಲ್ಲ ಪ್ರೊಫೆಸರೇ. ಒಳಗಾದ್ರೂ ಬನ್ನಿ.”

“ನಂಗೆ ಆ ವಾಸನೆ ಆಗಲ್ಲ.”

ವಾಸನೆ ಆಗಲ್ಲವಂತೆ! ಇದೇ ಹಸುವಿನ ಹೆಸರು ಹೇಳಿಕೊಂಡು ಟೀವಿಯಲ್ಲಿ ಕೂತು ಹಲ್ಲು ಕಿರಿಯಲು ಆಗುತ್ತದೆ, ಟೋಕಿಯೋದ ಕನ್ನಡಿಗರ ಕೈಯಿಂದ ಶಾಲು ಹೊದೆಸಿಕೊಳ್ಳಲು ಆಗುತ್ತದೆ, ಹಸುವಿನ ವಾಸನೆ ಮಾತ್ರ ಆಗುವುದಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಮದುವೆಯಾಗಿ ಒಸಾಕಾಕ್ಕೆ ಬಂದು, ಮನೆಯಲ್ಲಿ ಕೂರಲೊಲ್ಲದೆ ಜಾನುವಾರು ವಿಮಾ ಕಂಪನಿಯೊಂದರ ತನಿಖಾಧಿಕಾರಿಯಾಗಿ ತಲೆ ನರೆಸಿಕೊಂಡ ಅನಸೂಯಾಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿ. ಆ ಉರಿಯನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಹಿರೋಷಿಮಾದ ಹೊರಗಿನ ಬೆಟ್ಟದ ಮೇಲಿರುವ ಈ ಪಶು ಸಂಶೋಧನಾ ಕೇಂದ್ರದಲ್ಲಿ ಸತ್ತ ಹಸುವಿನ ಪಾಪವನ್ನು ಮುಕುಂದ ತನ್ನ ಪಿಎಚ್‌ಡಿ ವಿದ್ಯಾರ್ಥಿನಿ ಶ್ರೀರಕ್ಷಾಳ ತಲೆಗೆ ಕಟ್ಟಿದ್ದ. ನಾಳೆ ಸೇರುವ ಸಮಿತಿ ಹೌದೆಂದು ತಲೆಯಾಡಿಸಿದರೆ ಹುಡುಗಿಯ ಡಾಕ್ಟರೇಟೂ ಹೋಯಿತು, ವೀಸಾವೂ ಹೋಯಿತು.

ಅನಸೂಯಾ ಹಸುವಿನ ಕಣ್ಣಿನ ರೆಪ್ಪೆ ಮಗುಚಿದಳು. ಅಲ್ಲೂ ಅದೇ ಬಿಳುಪು. ಪಕ್ಕೆಲುಬುಗಳು ಚರ್ಮದಡಿ ಎದ್ದು ಕಾಣುತ್ತಿದ್ದವು.

“ಮೈಯಲ್ಲಿ ರಕ್ತವೇ ಇಲ್ಲದೆ ಸತ್ತಿದೆ,” ಎಂದಳು. “ಎನ್‌ದಾಮಾ ಹಸು ಈ ಕಾಯಿಲೆಗೆ ಹೀಗೆ ಸಾಯುತ್ತಾ?”

“ಸಾಯಲ್ಲ. ನಾನೂ ಅದನ್ನೇ ಹೇಳ್ತಿರೋದು!” ಮುಕುಂದ ಉಪನ್ಯಾಸದ ದನಿಗೆ ಏರಿದ. “ಪಶ್ಚಿಮ ಆಫ್ರಿಕಾದ ತಳಿ ಅದು. ಅಲ್ಲಿ ಒಂದು ನೊಣ ಕಚ್ಚಿದ್ರೆ ರಕ್ತದೊಳಗೆ ಪರೋಪಜೀವಿ ಸೇರ್ಕೊಂಡು ಬೇರೆ ದನಗಳು ಸೊರಗಿ ಸಾಯ್ತವೆ. ಇದು ಮಾತ್ರ ಪರೋಪಜೀವೀನ ಮೈಯಲ್ಲಿಟ್ಕೊಂಡೇ ಆರಾಮಾಗಿ ಮೇಯ್ತಿರುತ್ತೆ. ಅಂಥದ್ದು ಸತ್ತಿದೆ ಅಂದ್ರೆ ಸಾಯ್ಸಿದೋರು ಇದಾರೆ ಅಂತ ಅರ್ಥ. ಪ್ರಯೋಗಕ್ಕೆ ಅಂತ ಕೊಟ್ಟ ಪರೋಪಜೀವೀನ ಆ ಹುಡುಗಿ ಎಷ್ಟು ಪಟ್ಟು ಜಾಸ್ತಿ ಚುಚ್ಚಿದಾಳೋ ದೇವರಿಗೇ ಗೊತ್ತು.”

“ಜಾಸ್ತಿ ಚುಚ್ಚಿದ್ರೆ ಜ್ವರ ಏರಿ ದಡಕ್ಕಂತ ಬೀಳಬೇಕಿತ್ತು. ಇದು ವಾರಗಟ್ಟಲೆ ಸೊರಗಿರೋ ಹಸು.”

“ನೋಡಿ, ನೀವು ಕ್ಲೇಮ್ ನೋಡ್ಕೊಳ್ಳೋರು. ಸೈನ್ಸ್ ನಮಗೆ ಬಿಡಿ.”

ಸೈನ್ಸಂತೆ. ಅನಸೂಯಾ ಕೈಗವಸು ಕಳಚಿ ಬುಟ್ಟಿಗೆ ಎಸೆದು, ಅವನ ಪಕ್ಕದಿಂದಲೇ, ಅವನಿಗೆ ವಾಸನೆ ಚೆನ್ನಾಗಿ ತಾಗುವಂತೆ, ಹೊರಗೆ ನಡೆದಳು.

ಶ್ರೀರಕ್ಷಾ ಸಿಬ್ಬಂದಿಯ ಚಹಾ ಕೋಣೆಯಲ್ಲಿ ಕೂತಿದ್ದಳು. ಮುಂದೆ ಕೊಂಬಿನಿ ಅಂಗಡಿಯಿಂದ ತಂದ ಅನ್ನದ ಉಂಡೆ ಪ್ಲಾಸ್ಟಿಕ್ ಬಿಚ್ಚದೆ ಬಿದ್ದಿತ್ತು. ತುಮಕೂರಿನ ಹುಡುಗಿ, ಸಣ್ಣ ಮೈಕಟ್ಟು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

“ತಿನ್ನು ಮೊದಲು,” ಎಂದಳು ಅನಸೂಯಾ.

“ಬೇಡ ಮೇಡಂ. ಊಟ ಸೇರ್ತಿಲ್ಲ.”

“ಅವನು ಹೇಳಿದ್ದಕ್ಕೆಲ್ಲ ತಲೆ ಬಗ್ಗಿಸ್ಕೊಂಡು ಕೂತಿದೀಯಲ್ಲ, ಡೋಸ್ ಜಾಸ್ತಿ ಆಗಿತ್ತಾ?”

“ಇಲ್ಲ. ಆದ್ರೂ… ತಪ್ಪು ನಂದೇ ಇರಬಹುದು ಮೇಡಂ. ಕಮಿಟಿ ಏನು ಹೇಳುತ್ತೋ ಅದಕ್ಕೆ ಒಪ್ಕೋತೀನಿ.”

ಅನಸೂಯಾಗೆ ಮೈ ಪರಚಿಕೊಳ್ಳುವ ಹಾಗಾಯಿತು. ಆ ಸಮಿತಿಯೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥ ಮಹನೀಯರ ಸಮಿತಿ. ಪ್ರೊಫೆಸರ್ ಹೇಳಿದ್ದಕ್ಕೆ ಹೌದು ಅನ್ನಲು ಸೂಟು ಹಾಕಿಕೊಂಡು ಬರುವವರು.

“ಇಲ್ಲಿ ಆ ಹಸೂನ ಯಾರು ನೋಡ್ಕೋತಿದ್ರು?”

“ನಾನೊಬ್ಳೇ. ಏಪ್ರಿಲ್‌ನಲ್ಲಿ ಪ್ರಯೋಗ ಶುರುವಾದ್ಮೇಲೆ ಒಳಗಿನ ಪೆನ್‌ಗೆ, ಅದೇ ಆ ಮುಚ್ಚಿದ ಕೊಟ್ಟಿಗೆಗೆ, ಹೋಗೋಕೆ ನನಗೆ ಮಾತ್ರ ಪರ್ಮಿಶನ್. ಎರಡು ಬಾಗಿಲು, ಎರಡು ಪದರ ನೊಣದ ಜಾಲರಿ ಇದೆ. ಒಂದು ನೊಣ ಒಳಗೂ ಬರಬಾರದು, ಹೊರಗೂ ಹೋಗಬಾರದು. ಸರ್ ಆರಿಸಿರೋ ಜಾತಿಯ ಪರೋಪಜೀವಿಗೆ ಆಫ್ರಿಕಾದ ನೊಣವೇ ಬೇಕಂತೇನಿಲ್ಲ, ಕಚ್ಚೋ ನೊಣ ಯಾವುದಾದ್ರೂ ಸಾಕು. ಸರ್ ಮೇಲಿನ ರೂಮಿಂದ ಸ್ಕ್ರೀನಲ್ಲಿ ನೋಡ್ತಾರೆ.”

“ಸ್ಕ್ರೀನಲ್ಲಿ. ಸರಿ. ಹಸು ಹೇಗಿತ್ತು ಹೇಳು.”

ಅಲ್ಲಿಯತನಕ ಬಾಡಿದ್ದ ಹುಡುಗಿಯ ಮುಖಕ್ಕೆ ಜೀವ ಬಂತು.

“ಗುಬ್ಬೀನಾ ಮೇಡಂ? ನಾನೇ ಇಟ್ಟ ಹೆಸರು. ಅಷ್ಟು ಚಿಕ್ಕದು, ನನ್ನ ಸೊಂಟದಿಂದ ಒಂಚೂರು ಮೇಲೆ ಬರ್ತಿತ್ತು ಅಷ್ಟೆ. ಜಿಂಕೆ ಬಣ್ಣ. ಬೆನ್ನ ಮೇಲೆ ಡುಬ್ಬ ಇಲ್ಲ. ಪಕ್ಕದ ಶೆಡ್ಡಲ್ಲಿ ಮಾಂಸಕ್ಕೆ ಅಂತ ಕರೀ ವಾಗ್ಯು ದನ ಸಾಕ್ತಾರಲ್ಲ, ಅವ್ರು ಇದನ್ನ ನೋಡಿ ‘ನಿಮ್ಮ ಮೇಕೆ ಹೇಗಿದೆ?’ ಅಂತ ನಗ್ತಿದ್ರು. ಅವರ ಹಸುಗಳಿಗೆ ಫ್ಯಾನ್ ಬೇಕು, ಅಳೆದು ಸುರಿದ ಮೇವು ಬೇಕು, ಒಂದು ಉಣ್ಣಿ ಹತ್ತಿದ್ರೆ ಡಾಕ್ಟರ್ ಬೇಕು. ಗುಬ್ಬಿಗೆ ಏನೂ ಬೇಡ. ಒಣಹುಲ್ಲು ಹಾಕಿದ್ರೂ ಮೈ ತುಂಬ್ಕೊಂಡಿರ್ತಿತ್ತು. ಹೋದ ಬೇಸಿಗೆ ಸೆಕೆಗೆ ವಾಗ್ಯುಗಳು ನಾಲಿಗೆ ಹೊರಗೆ ಹಾಕಿದ್ರೆ, ಇದು ಬಿಸಿಲಲ್ಲಿ ನಿಂತು ಮೆಲುಕು ಹಾಕ್ತಿತ್ತು.”

“ಹಾಲು?”

“ಅಯ್ಯೋ, ಹಾಲೆಲ್ಲಿ? ಅದರ ಕರುವಿಗೆ ಸಾಕಾದ್ರೆ ಹೆಚ್ಚು ಅನ್ನೋ ತಳಿ. ಸರ್‌ಗೆ ಅದಕ್ಕೇ ಅಸಹ್ಯ. ‘ಹಾಲಿಗೂ ಇಲ್ಲ, ಮಾಂಸಕ್ಕೂ ಇಲ್ಲ, ಇದರ ರಕ್ತ ಒಂದು ಬಿಟ್ಟು ಮಿಕ್ಕಿದ್ದೆಲ್ಲ ವೇಸ್ಟ್’ ಅಂತಿದ್ರು. ಜುಲೈನಲ್ಲಿ ಕೊಯ್ಯೋ ಪ್ಲಾನ್ ಇತ್ತು. ಗುಲ್ಮ, ಮೂಳೆಮಜ್ಜೆ ಎಲ್ಲ ಬೇಕಿತ್ತು ಅವರಿಗೆ.”

ಕೊನೆಯ ಮಾತನ್ನು ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. ಮುಕುಂದನ ಲೆಕ್ಕಕ್ಕೆ ಇನ್ನೊಂದು ಪಾಪ ಸೇರಿತೆಂದು ಅನಸೂಯಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

“ಗುಬ್ಬಿ ಫೋಟೋ ಇದೆಯಾ? ಆಫೀಸಿನವರು ಕೊಟ್ಟಿದ್ದರಲ್ಲಿ ಬರೀ ಮೂತಿ, ಕಿವಿಯ ನಂಬರ್ ಪಟ್ಟಿ. ಪಾಸ್‌ಪೋರ್ಟಿಗೆ ತೆಗೆಸಿದ ಹಾಗಿದೆ.”

“ನನ್ನ ಫೋನಲ್ಲಿ ಇಲ್ಲ. ಒಳಗೆ ಫೋನ್ ಬಿಡಲ್ಲ,” ಎಂದಳು ಶ್ರೀರಕ್ಷಾ. ಆಮೇಲೆ ಅರೆಮನಸ್ಸಿನಿಂದ ಅಂದಳು: “ದೀಪಾವಳಿಲಿ ಹಿರೋಷಿಮಾದ ನಮ್ಮವರೆಲ್ಲ ಗೋಪೂಜೆ ಮಾಡೋಕೆ ಬಂದಿದ್ರು. ಆಗಿನ್ನೂ ಗುಬ್ಬಿ ಹೊರಗಿನ ಬಯಲಲ್ಲಿತ್ತು. ಅವರು ತೆಗೆದಿರಬಹುದು. ಪ್ರೇರಣಾ ಅಕ್ಕ ಅಂತ, ಅವರ ಯಜಮಾನ್ರು ಕಾರು ಫ್ಯಾಕ್ಟರಿಲಿ ಇಂಜಿನಿಯರು. ಆದ್ರೆ ಅದರಿಂದ ಏನು ಪ್ರಯೋಜನ ಮೇಡಂ? ಬಿಟ್ಬಿಡಿ.”

“ಬಿಟ್ಬಿಡೋದು ನನ್ನ ಜಾತಕದಲ್ಲಿಲ್ಲ ಕಣಮ್ಮಾ,” ಎಂದು ಅನಸೂಯಾ ನಂಬರು ಕೇಳಿಕೊಂಡಳು.

ಪ್ರೇರಣಾ ಮೊದಲ ರಿಂಗಿಗೇ ಫೋನೆತ್ತಿದಳು. ಕುಕ್ಕರಿನ ಸೀಟಿ, ಅದರ ಹಿಂದೆ ಒಂದು ಮಗುವಿನ ಕೂಗು.

“ಹೇಳಿ ಆಂಟಿ. ಶ್ರೀರಕ್ಷಾ ವಿಷ್ಯ ಕೇಳಿ ನಮಗೆಲ್ಲ ಎಷ್ಟು ಬೇಜಾರಾಯ್ತು ಗೊತ್ತಾ? ಅಮ್ಮು, ಸ್ವಲ್ಪ ಸುಮ್ನಿರು.”

“ಯಾದಾ!” ಎಂದಿತು ಮಗು, ಆಗಲ್ಲ ಎಂದು ಜಪಾನಿಯಲ್ಲೇ ಹಟ ಹಿಡಿದು.

“ಪೂಜೆ ದಿನದ ಫೋಟೋ ಇದೆಯಾ ಪ್ರೇರಣಾ?”

“ರಾಶಿ ಇದೆ. ಆದ್ರೆ ಆಂಟಿ, ನಿಜ ಹೇಳ್ಬೇಕಂದ್ರೆ ನಮಗೆ ಅಷ್ಟು ಸಮಾಧಾನ ಆಗ್ಲಿಲ್ಲ. ಡುಬ್ಬನೇ ಇಲ್ಲ ಆ ಹಸುವಿಗೆ! ಅದಕ್ಕೆ ಪೂಜೆ ಸಲ್ಲುತ್ತೋ ಇಲ್ವೋ ಅಂತ ನಮ್ಮತ್ತೆಗೆ ಊರಿಗೆ ಫೋನ್ ಮಾಡಿ ಕೇಳಿದೆ. ‘ಆ ದೇಶದಲ್ಲಿ ಕೊಂಬಿರೋ ಹಸು ಸಿಕ್ಕಿದ್ದೇ ಪುಣ್ಯ, ಮಾಡು’ ಅಂದ್ರು. ಇನ್ನೆಲ್ಲಾ ಕಡೆ ಕೊಂಬೇ ಇಲ್ದಿರೋ ಹಸುಗಳು ಆಂಟಿ, ಬೋಳು ಬೋಳು.”

“ಕೊಂಬು ಹೇಗಿತ್ತು?”

“ಉದ್ದಕ್ಕೆ, ಚೆನ್ನಾಗಿತ್ತು. ಹೊರಗೆ ಹೋಗಿ ಮತ್ತೆ ಮೇಲಕ್ಕೆ ತಿರುಗಿತ್ತು. ಅರಿಶಿನ ಹಚ್ಚಿದ್ವಿ. ಈಗ ಕಳಿಸ್ತೀನಿ ನೋಡಿ.”

ಚಿತ್ರಗಳು ಒಂದರ ಹಿಂದೊಂದು ಬಂದವು. ಅನಸೂಯಾ ಮೊದಲ ನಾಲ್ಕನ್ನು ಬೆರಳಿನಿಂದ ತಳ್ಳಿ, ಐದನೆಯದರಲ್ಲಿ ನಿಂತಳು. ನಗು ಬಂತು.

ಲೋಕದ ಬೇರೆ ಯಾರಾದರೂ ಹಸುವಿನ ಮುಖದ ಫೋಟೋ ತೆಗೆಯುತ್ತಾರೆ. ನಮ್ಮವರು ಮಾತ್ರ ಲಕ್ಷ್ಮಿ ಇರುವುದು ಹಸುವಿನ ಹಿಂಭಾಗದಲ್ಲಿ ಎಂದು ನಂಬಿದವರು. ಪ್ರೇರಣಾ ರೇಷ್ಮೆ ಸೀರೆಯ ಮೇಲೆ ಜಾಕೆಟ್ ತೊಟ್ಟು, ಬಾಲ ಪಕ್ಕಕ್ಕೆ ಸರಿಸಿ, ಹಸುವಿನ ಹಿಂಬದಿಗೆ ಕುಂಕುಮವಿಟ್ಟು ಕೈಮುಗಿದಿದ್ದಳು. ಗಂಡ ಹಿಂದಿನಿಂದ, ಕೆಳಗೆ ಕುಕ್ಕರಗಾಲಲ್ಲಿ ಕೂತು, ಭಕ್ತಿಯಿಂದ ಕ್ಲಿಕ್ಕಿಸಿದ್ದ. ಹಸುವಿನ ಎರಡು ಹಿಂಗಾಲುಗಳ ನಡುವೆ ಕೆಚ್ಚಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಒಂದು ಮುಷ್ಟಿಗೆ ತುಂಬುವಷ್ಟೂ ಇರಲಿಲ್ಲ.

ಅನಸೂಯಾ ಫೋನ್ ಹಿಡಿದುಕೊಂಡೇ ಶೀತಲ ಕೋಣೆಗೆ ಮರಳಿದಳು. ಈ ಸಲ ಬಾಯಿಯ ಕಡೆ ಹೋಗಲಿಲ್ಲ. ಹಿಂಗಾಲನ್ನು ಎತ್ತಿ ಹಿಡಿದು ಕೆಳಗೆ ಬೆಳಕು ಬಿಟ್ಟಳು.

ಸತ್ತ ಹಸುವಿನ ಕೆಚ್ಚಲು ಜೋಲುಬಿದ್ದಿತ್ತು. ವರ್ಷಗಟ್ಟಲೆ ಬಕೆಟ್ಟು ತುಂಬಿದ ಕೆಚ್ಚಲು, ಹಾಲು ಬತ್ತಿದ ಮೇಲೂ ಖಾಲಿ ಚೀಲದ ಹಾಗೆ ಇಳಿಬಿದ್ದಿತ್ತು. ಯಂತ್ರ ಕಚ್ಚಿ ಕಚ್ಚಿ ತೊಟ್ಟಿನ ತುದಿಗಳು ಜಡ್ಡುಗಟ್ಟಿದ್ದವು. ಕರು ಹಾಕದ, ಹಾಲು ಕರೆಸಿಕೊಳ್ಳದ ಹಸುವಿಗೆ ದೀಪಾವಳಿಯಿಂದ ಜೂನ್‌ನೊಳಗೆ ಇಂಥ ಕೆಚ್ಚಲು ಬರಲು ಅದೇನು ಬಲೂನೇ?

ಅವಳು ತಲೆಯ ಕಡೆ ಹೋಗಿ, ಕಿವಿಗಳ ನಡುವಿನ ನೆತ್ತಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಅಲ್ಲಿ ಸಿಕ್ಕಿದ್ದನ್ನು, ಅಥವಾ ಸಿಗದೇ ಹೋದದ್ದನ್ನು, ಮನಸ್ಸಿನಲ್ಲಿಟ್ಟುಕೊಂಡು ಮುಕುಂದನನ್ನು ಹುಡುಕಿಕೊಂಡು ಹೊರಟಳು.

ಅವನು ಕಟ್ಟಡದ ಹಿಂದಿನ ಕಲ್ಲಿನ ಬಳಿಯಿದ್ದ. ಪ್ರಯೋಗಕ್ಕೆ ಬಲಿಯಾದ ಪ್ರಾಣಿಗಳ ಆತ್ಮಕ್ಕೆಂದು ನೆಟ್ಟ ಆಳೆತ್ತರದ ಕಲ್ಲು ಅದು. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿ ಹೂವಿಟ್ಟು ತಲೆ ಬಗ್ಗಿಸುತ್ತಾರೆ. ಈ ಹಸು ಟೀವಿಯಲ್ಲಿ ಬಂದದ್ದರಿಂದ ಅದಕ್ಕೆ ನಾಳೆ ಪ್ರತ್ಯೇಕ ಮರ್ಯಾದೆ. ಕೊಟ್ಟಿಗೆಯ ಮೇಲ್ವಿಚಾರಕ ಒಗಾತಾ ಸಾನ್ ಕಲ್ಲಿಗೆ ನೀರು ಸುರಿದು ಉಜ್ಜುತ್ತಿದ್ದರು. ಮುಕುಂದ ನಾಳಿನ ಭಾಷಣವನ್ನು ಫೋನಿನಲ್ಲಿ ನೋಡಿಕೊಂಡು ಜಪಾನಿಯಲ್ಲಿ ಉರು ಹೊಡೆಯುತ್ತಿದ್ದ. ‘ನನ್ನ ಪ್ರೀತಿಯ ಸಂಗಾತಿ’ ಎಂಬ ಮಾತು ಅನಸೂಯಾಳ ಕಿವಿಗೆ ಬಿತ್ತು.

ಸಂಗಾತಿಯಂತೆ! ಬದುಕಿದ್ದಾಗ ವೇಸ್ಟ್, ಸತ್ತ ಮೇಲೆ ಸಂಗಾತಿ.

“ಒಗಾತಾ ಸಾನ್, ಸುಮಿಮಾಸೆನ್,” ಎಂದು ಅನಸೂಯಾ ಕ್ಷಮೆ ಕೇಳುತ್ತ ಬಗ್ಗಿದಳು. ಆ ಮನುಷ್ಯನಿಗೆ ಅಷ್ಟೇ ಸಾಕಾಯಿತು. ಬಕೆಟ್ ಎತ್ತಿಕೊಂಡು ಹೊರಟುಹೋದರು.

“ಭಾಷಣ ಚೆನ್ನಾಗಿದೆ ಪ್ರೊಫೆಸರೇ,” ಎಂದಳು ಅನಸೂಯಾ. “ಆದ್ರೆ ಯಾವ ಹಸುವಿಗೆ?”

“ಅಂದ್ರೆ?”

ಅವಳು ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. ಮುಕುಂದ ಮುಖ ಕಿವುಚಿದ.

“ಏನ್ರೀ ಇದು? ಹಸು ಬಾಲದ ಕೆಳಗಿನ ಫೋಟೋ ತೋರಿಸ್ತೀರಲ್ಲ. ಮರ್ಯಾದೆ ಬೇಡ್ವಾ?”

“ಮರ್ಯಾದೆಯಿಂದಲೇ ತೆಗೆದಿರೋ ಫೋಟೋ. ಕುಂಕುಮ ಬೇರೆ ಇಟ್ಟಿದಾರೆ. ಕೆಚ್ಚಲು ನೋಡಿ. ಆಮೇಲೆ ಬನ್ನಿ, ಒಳಗಿರೋ ಹೆಣದ ಕೆಚ್ಚಲೂ ತೋರಿಸ್ತೀನಿ. ಅದು ಎನ್‌ದಾಮಾ ಅಲ್ಲ. ಹಾಲು ಕೊಟ್ಟು ಕೊಟ್ಟು ಸವೆದಿರೋ ಜೆರ್ಸಿ. ಅದೂ ಜಿಂಕೆ ಬಣ್ಣ, ಅದೂ ಸಣ್ಣ ಮೈ, ಅದಕ್ಕೂ ಡುಬ್ಬ ಇಲ್ಲ. ಕಿವಿಪಟ್ಟಿ ಬದಲಾಯಿಸಿದ್ರೆ ನೋಡದೇ ಇರೋರಿಗೆ ಸಾಕು.”

“ಹುಚ್ಚು ಮಾತು!”

“ಫೋಟೋದಲ್ಲಿ ಕೊಂಬಿದೆ. ಹೆಣಕ್ಕೆ ಯಾಕಿಲ್ಲ?”

“ಜನವರೀಲಿ ಕತ್ತರಿಸಿದ್ದು. ಅಷ್ಟುದ್ದ ಕೊಂಬಿಟ್ಕೊಂಡು ಪೆನ್ ಒಳಗೆ ಬಿಟ್ರೆ ಡೇಂಜರ್ ಅಂತ.”

“ದೊಡ್ಡ ಹಸುವಿನ ಕೊಂಬು ಕತ್ತರಿಸಿದ್ರೆ ಬುಡದಲ್ಲಿ ಮೋಟು ಉಳಿಯುತ್ತೆ. ಈ ಹೆಣದ ನೆತ್ತಿ ನುಣ್ಣಗಿದೆ, ಕರುವಾಗಿದ್ದಾಗಲೇ ಕೊಂಬಿನ ಮೊಳಕೆ ಸುಟ್ಟಿರೋ ತಲೆ. ಹಾಲಿನ ಫಾರ್ಮುಗಳಲ್ಲಿ ಹಾಗೇ ಮಾಡೋದು. ಇದು ನಿಮಗೆ ಗೊತ್ತಾಗ್ಲಿಲ್ವಾ?”

“ನನಗೆ ಹೇಗ್ರೀ ಗೊತ್ತಾಗುತ್ತೆ? ನಾನೇನು ಹಸು ತಲೆ ಸವರ್ತಾ ಕೂರ್ತೀನಾ?”

“ಸವರೋದು ಬೇಡ. ಆದ್ರೆ ಹಸೂನ ಬಚ್ಚಿಡೋದು ಗೊತ್ತಲ್ಲ?” ಅನಸೂಯಾ ಒಂದು ಹೆಜ್ಜೆ ಮುಂದೆ ಬಂದಳು. ಇದಕ್ಕಾಗಿ ಬೆಳಗಿನಿಂದ ಕಾದಿದ್ದಳು. “ಮುಂದಿನ ತಿಂಗಳು ನಿಮ್ಮ ಪ್ರಯೋಗ ಪರೀಕ್ಷೆ ಮಾಡೋಕೆ ಯುರೋಪಿನ ತಜ್ಞರು ಬರ್ತಿದಾರೆ. ಅವರು ತಾವೇ ರಕ್ತ ತೆಗೆದು ನೋಡಿದ್ರೆ ನೀವು ಕೊಚ್ಚಿಕೊಂಡಿರೋದೆಲ್ಲ ಬಯಲಾಗುತ್ತೆ. ಅದಕ್ಕೇ ಅಸಲಿ ಹಸು ಮಾಯ ಮಾಡಿ, ಬದಲಿಗೆ ಬಡಪಾಯಿ ಜೆರ್ಸಿ ನಿಲ್ಲಿಸಿ, ಅದು ಸತ್ತ ಕೂಡ್ಲೇ ಪಾಪಾನೆಲ್ಲ ಒಂದು ಹುಡುಗಿ ಮೇಲೆ ಹೊರಿಸಿದ್ರಿ. ಹೌದೋ ಅಲ್ವೋ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅನಸೂಯಾ ಎಷ್ಟೋ ಕಂಡಿದ್ದಳು. ಮುಕುಂದನ ಕೈ ಹೆಗಲಿಗೆ ಹೋಗುವುದನ್ನೇ ಕಾದು ನಿಂತಳು.

ಕೈ ಹೋಗಲಿಲ್ಲ. ಅವನ ಬಾಯಿ ಮಾತ್ರ ಸ್ವಲ್ಪ ಸ್ವಲ್ಪವೇ ತೆರೆದುಕೊಂಡಿತು.

“ಜೆರ್ಸಿನಾ?” ಎಂದ. ದನಿಯಲ್ಲಿ ಉಪನ್ಯಾಸ ಉಳಿದಿರಲಿಲ್ಲ. “ನಿಜವಾಗ್ಲೂ ಜೆರ್ಸಿನಾ?”

“ನಾಟಕ ಬೇಡ.”

“ರೀ, ಹೋದ ವಾರ ಒಸಾಕಾ ಸಮ್ಮೇಳನದಲ್ಲಿ ಇದೇ ರಕ್ತದ ಗ್ರಾಫ್ ತೋರಿಸಿದೀನಿ! ರಕ್ತ ಇಷ್ಟು ಕೆಳಗಿಳಿದ್ರೂ ಎನ್‌ದಾಮಾ ಹೇಗೆ ನಿಂತಿದೆ ನೋಡಿ, ಇದು ಹೊಸ ಬಗೆಯ ಸಹನಶಕ್ತಿ ಅಂತ ಅರ್ಧ ಗಂಟೆ ಮಾತಾಡಿದೀನಿ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅದು… ಅದೆಲ್ಲ ಸಾಯ್ತಿರೋ ಜೆರ್ಸಿ ರಕ್ತನಾ?”

ಅವನು ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕೂತ. ನಾಳೆಗೆಂದು ತಂದಿಟ್ಟಿದ್ದ ಬಿಳಿ ಸೇವಂತಿಗೆ ಅವನ ಅಂಡಿನಡಿ ಸಿಕ್ಕಿಕೊಂಡಿತು.

ಅನಸೂಯಾಗೆ ತಡೆಯಲಾಗದಷ್ಟು ತಿರಸ್ಕಾರ ಉಕ್ಕಿತು. ಅದರ ಜೊತೆಗೇ ಬೇಡದ ಒಂದು ನಂಬಿಕೆಯೂ ಬಂತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಹಸು ಬದಲಾಗಿದೆಯೆಂದು ಗೊತ್ತಿದ್ದವನು ಅದರ ರಕ್ತವನ್ನು ಹೊತ್ತುಕೊಂಡು ಹೋಗಿ, ನೂರಾರು ತಜ್ಞರ ಮುಂದೆ ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುತ್ತಿರಲಿಲ್ಲ. ಎನ್‌ದಾಮಾದ ಮೇಲೆ ಅಷ್ಟೆಲ್ಲ ಬರೆದ ಮಹಾಪಂಡಿತನಿಗೆ ಎನ್‌ದಾಮಾ ಎಂದರೆ ಕೊಳವೆಯೊಳಗಿನ ರಕ್ತ. ಕಾಲು, ಕೊಂಬು, ಕೆಚ್ಚಲು ಇರುವ ಹಸುವನ್ನು ಅವನು ಒಂದು ದಿನವೂ ಕಣ್ಣಿಟ್ಟು ನೋಡಿರಲೇ ಇಲ್ಲ. ಆ ಅಸಡ್ಡೆಯೇ ಈಗ ಅವನನ್ನು ಪಾರುಮಾಡಿತ್ತು.

ಮುಕುಂದ ಧಡಕ್ಕನೆ ಎದ್ದ. “ಹಾಗಾದ್ರೆ ನನ್ನ ಹಸು ಬದುಕಿದೆ! ಎಲ್ಲಿ? ಎಲ್ಲಿದೆ ನನ್ನ ಹಸು?” ಎಂದು ಕೂಗುತ್ತ, ಹಿಂಬದಿಗೆ ಅಂಟಿದ ಹೂವಿನ ಎಸಳುಗಳ ಸಮೇತ ಆಫೀಸಿನ ಕಡೆ ಓಡಿದ.

ಅನಸೂಯಾ ನಿಂತಲ್ಲೇ ನಿಂತಳು.

ಇವನಲ್ಲದಿದ್ದರೆ ಯಾರು? ಒಳಗಿನ ಪೆನ್‌ಗೆ ಹೋಗಲು ಒಬ್ಬಳಿಗೇ ಅಪ್ಪಣೆ. ವಾರಗಟ್ಟಲೆ ದಿನವೂ ಮೈ ತಿಕ್ಕಿ, ಮೇವು ಹಾಕಿ, ರಕ್ತ ತೆಗೆದವಳಿಗೆ ಕೆಚ್ಚಲು ಕಾಣಲಿಲ್ಲವೇ? ಬೋಳು ನೆತ್ತಿ ಕೈಗೆ ತಾಗಲಿಲ್ಲವೇ? ತಪ್ಪು ನಂದೇ ಇರಬಹುದು ಎಂದವಳು, ಫೋಟೋದಿಂದ ಏನು ಪ್ರಯೋಜನ, ಬಿಟ್ಬಿಡಿ ಎಂದವಳು ಯಾರು? ಸೌಮ್ಯ ಹುಡುಗಿ ಪಾಪ ಎಂದುಕೊಂಡು ಅನಸೂಯಾ ಅದನ್ನೆಲ್ಲ ನುಂಗಿದ್ದಳು. ಮುಕುಂದನನ್ನು ಉಗಿಯುವ ಉತ್ಸಾಹದಲ್ಲಿ ಅವಳು ಹುಡುಗಿಯ ಮುಖವನ್ನು ನೆಟ್ಟಗೆ ನೋಡಿರಲೇ ಇಲ್ಲ. ಹಸುವಿನ ವಿಷಯದಲ್ಲಿ ಅವನು ಮಾಡಿದ್ದನ್ನೇ ಇವಳು ಹುಡುಗಿಯ ವಿಷಯದಲ್ಲಿ ಮಾಡಿದ್ದಳು. ಇಷ್ಟು ಹೊತ್ತು ಅವನ ಮೇಲಿದ್ದ ಅಸಹ್ಯ ತಿರುಗಿ ತನ್ನ ಮೇಲೆಯೇ ಬಿತ್ತು.

ಚಹಾ ಕೋಣೆಯಲ್ಲಿ ಶ್ರೀರಕ್ಷಾ ಕೂತಲ್ಲೇ ಇದ್ದಳು. ಅನಸೂಯಾ ಬಾಗಿಲು ಹಾಕಿ, ಎದುರಿನ ಕುರ್ಚಿ ಎಳೆದು ಕೂತಳು.

“ಶ್ರೀರಕ್ಷಾ, ಹಸು…”

“ಸರ್‌ಗೆ ಹೇಳಿಬಿಟ್ರಾ ಮೇಡಂ?” ಹುಡುಗಿ ಬೆಚ್ಚಿ ಎದ್ದು ನಿಂತಳು. “ಅದು ಬದುಕಿದೆ ಅಂತ ಹೇಳಿಬಿಟ್ರಾ?”

ಹೆಗಲು ಮುಟ್ಟಿಕೊಂಡವಳು ಇವಳು.

ಶ್ರೀರಕ್ಷಾಗೆ ತಾನು ಆಡಿದ್ದು ತಡವಾಗಿ ಕೇಳಿಸಿತು. ಕೈ ಬಾಯಿಗೆ ಹೋಯಿತು. ಆಮೇಲೆ ಕೈ ಇಳಿಸಿ ನಿಧಾನವಾಗಿ ಕೂತಳು.

“ಕೊಯ್ಯೋರಿದ್ರು ಮೇಡಂ,” ಎಂದಳು. “ಅಷ್ಟೆಲ್ಲ ಬದುಕಿ ಬಂದಿರೋ ಜೀವ ಅದು. ನೊಣಕ್ಕೆ ಸಾಯಲ್ಲ, ಬಿಸಿಲಿಗೆ ಸಾಯಲ್ಲ, ಕಾಯಿಲೆಗೆ ಸಾಯಲ್ಲ. ಸರ್ ಭಾಷಣಕ್ಕೋಸ್ಕರ ಸಾಯ್ಬೇಕಿತ್ತಾ? ಮೇ ತಿಂಗಳ ರಜೆಯ ವಾರ ಇಲ್ಲಿ ಯಾರೂ ಇರಲಿಲ್ಲ. ಒಣಹುಲ್ಲು ಕೊಡೋ ಕುರಾಮೊತೊ ಸಾನ್ ಅಂತ ಇದಾರೆ, ಬೆಟ್ಟದ ಮೇಲೆ ಅವರದ್ದು ಜೆರ್ಸಿ ಫಾರ್ಮು. ಕಸಾಯಿಖಾನೆಗೆ ಹೋಗಬೇಕಿದ್ದ ಮುದಿ ಜೆರ್ಸಿ ಇತ್ತು ಅವರ ಹತ್ರ. ಅವರೇ ಲಾರಿ ತಂದ್ರು. ಅದನ್ನ ಇಲ್ಲಿ ಕಟ್ಟಿದ್ವಿ, ಗುಬ್ಬೀನ ಅಲ್ಲಿಗೆ ಕಳಿಸಿದ್ವಿ.”

“ಜೆರ್ಸಿಗೆ ಕಾಯಿಲೆ ಎಲ್ಲಿಂದ ಬಂತು?”

ಹುಡುಗಿ ತಲೆ ತಗ್ಗಿಸಿದಳು. “ರಕ್ತದಲ್ಲಿ ಪರೋಪಜೀವಿ ಕಾಣಬೇಕಿತ್ತಲ್ಲ. ಗುಬ್ಬಿ ರಕ್ತಾನೇ ಚುಚ್ಚಿದೆ.”

“ಒಂದು ಹಸು ಉಳಿಸೋಕೆ ಇನ್ನೊಂದನ್ನ ನಿನ್ನ ಕೈಯಾರೆ ಕೊಂದ್ಯಲ್ಲೇ!”

“ಹೇಗೂ ಸಾಯೋ ಹಸು ಅಂತ ಅಂದ್ಕೊಂಡೆ. ಆದ್ರೆ ಅದು ಸಾಯೋದನ್ನ ದಿನಾ ನೋಡ್ದೆ ಮೇಡಂ. ಅದಕ್ಕೇ ಕಮಿಟಿ ಏನು ಶಿಕ್ಷೆ ಕೊಟ್ರೂ ಸರಿ ಅನ್ಸ್ತು. ಡಿಗ್ರಿ ಹೋಗ್ಲಿ. ಗುಬ್ಬಿ ಒಂದು ಚೆನ್ನಾಗಿದ್ರೆ ಸಾಕು.”

“ಚೆನ್ನಾಗಿದೆಯಾ?”

“ಫಸ್ಟ್ ಕ್ಲಾಸಾಗಿದೆ!” ಊದಿದ ಕಣ್ಣುಗಳು ಅರಳಿದವು. “ಭಾನುವಾರ ನೋಡ್ಕೊಂಡು ಬಂದೆ. ಮೈ ಕೈ ತುಂಬ್ಕೊಂಡಿದೆ. ಜೆರ್ಸಿಗಳ ಜೊತೆ ಬಯಲಲ್ಲಿ ಮೇಯ್ತಿರುತ್ತೆ, ನೊಣ ಮುತ್ತಿದ್ರೂ ಬಾಲ ಸಹ ಬೀಸಲ್ಲ.”

ಅನಸೂಯಾ ಮೇಜಿನ ಮೇಲೆ ಮುಂದಕ್ಕೆ ಬಾಗಿದಳು.

“ಕಳಿಸೋ ಮುಂಚೆ ಔಷಧಿ ಕೊಟ್ಟಿದ್ಯಾ?”

“ಕೊಟ್ಟೆ ಮೇಡಂ. ಆಮೇಲೆ ರಕ್ತ ನೋಡ್ದೆ, ಏನೂ ಕಾಣಲಿಲ್ಲ.”

“ಎಷ್ಟು ಸಲ ನೋಡ್ದೆ?”

“ಒಂದ್ಸಲ. ಟೈಮ್ ಇರಲಿಲ್ಲ…”

“ಒಂದ್ಸಲ! ಅಡಗಿ ಕೂರೋದೇ ಆ ಕಾಯಿಲೆ ಬುದ್ಧಿ ಅಂತ ಓದಿದೀಯೋ ಇಲ್ವೋ? ಅದರಲ್ಲೂ ಆ ತಳಿಯಲ್ಲಿ. ಹೊರಗಿಂದ ಸೊರಗಲ್ಲ, ಒಸಡು ಬಿಳಿಚಲ್ಲ. ನೋಡಿದೋರಿಗೆ…”

ಮೇಜಿನ ಮೇಲೆ ಅವಳ ಫೋನ್ ನಡುಗತೊಡಗಿತು. ಒಸಾಕಾ ಆಫೀಸಿನಿಂದ ಮೇಲಧಿಕಾರಿ ಹಯಾಶಿ ಸಾನ್. ಅನಸೂಯಾ ಎತ್ತಿಕೊಂಡಳು. ಹೊರಗಿನ ಓಣಿಯಲ್ಲಿ ಮುಕುಂದ ಯಾರನ್ನೋ ಕೂಗಿ ಕರೆಯುತ್ತಿದ್ದ, ಬೂಟುಗಳ ಸದ್ದು ಈ ಕಡೆಗೇ ಬರುತ್ತಿತ್ತು.

“ಅನಸೂಯಾ ಸಾನ್, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ,” ಎಂದು ಹಯಾಶಿ ಸಾನ್ ಜಪಾನಿಯಲ್ಲಿ ಎಂದಿನ ವಿನಯದಿಂದ ಶುರುಮಾಡಿದರು. “ನೀವು ಹೇಗೂ ಆ ಬೆಟ್ಟದಲ್ಲೇ ಇದ್ದೀರಿ. ಮೇಲುಗಡೆ ಕುರಾಮೊತೊ ಎಂಬವರ ಹಾಲಿನ ಫಾರ್ಮಿದೆ. ಬೆಳಿಗ್ಗೆ ನಾಲ್ಕು ಜೆರ್ಸಿಗಳು ಏಳಲಾಗದೆ ಮಲಗಿಬಿಟ್ಟಿವೆಯಂತೆ. ಏನು ಕಾಯಿಲೆಯೆಂದು ಅಲ್ಲಿನ ಪಶುವೈದ್ಯರಿಗೆ ತಿಳಿಯುತ್ತಿಲ್ಲ. ಒಸಡು ಪೂರ್ತಿ ಬೆಳ್ಳಗಾಗಿದೆ ಎನ್ನುತ್ತಾರೆ.”

ಅನಸೂಯಾ ಫೋನನ್ನು ಮೆಲ್ಲಗೆ ಕೆಳಗಿಟ್ಟಳು.

“ಯಾರು ಮೇಡಂ?” ಶ್ರೀರಕ್ಷಾ ಅವಳ ಮುಖವನ್ನೇ ನೋಡುತ್ತಿದ್ದಳು. “ಕುರಾಮೊತೊ ಸಾನ್ ಅಂದ ಹಾಗೆ ಕೇಳಿಸ್ತು. ಗುಬ್ಬಿ ಹುಷಾರಾಗಿದೆ ತಾನೇ?”

ಬೂಟುಗಳ ಸದ್ದು ಬಾಗಿಲ ಹೊರಗೆ ನಿಂತಿತು.

“ಹುಷಾರಾಗಿದೆ,” ಎಂದಳು ಅನಸೂಯಾ. “ಅದೊಂದೇ.”